ಸಂಕ್ರಾಂತಿ ದಾಟಿದ ಡೈರಿ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಮನೆಗೆ ಒಂದೆರಡು ಡೈರಿಗಳು ಬಂದು ಸೇರುತ್ತವೆ. ಅಪ್ಪನ ಕಚೇರಿಯಿಂದಲೋ, ಔಷಧಿ ಅಂಗಡಿಯಿಂದಲೋ, ವಿಮೆ ಏಜೆಂಟರಿಂದಲೋ ಬಂದಂಥವು. ಅವುಗಳಲ್ಲಿ ಚೆನ್ನಾಗಿರುವುದೊಂದು ಹೈಸ್ಕೂಲು ಓದುವ ಮಗಳ ಪಾಲಾಗುತ್ತದೆ. ಜನವರಿ ಒಂದರಂದು ಪುಟದ ತುಂಬ ಮುತ್ತು ಪೋಣಿಸಿದಂಥ ಅಕ್ಷರ. ಎರಡು, ಮೂರು ಕೂಡ ಹಾಗೆಯೇ. ಎಂಟರ ಹೊತ್ತಿಗೆ ಅರ್ಧ ಪುಟ. ಸಂಕ್ರಾಂತಿಯ ದಿನ ಎಳ್ಳು ಬೀರಿ ಬಂದ ಸಂಗತಿ ಎರಡೇ ಸಾಲು. ಅಲ್ಲಿಂದಾಚೆಗೆ ಖಾಲಿ. ಮಾರ್ಚ್ ತಿಂಗಳಲ್ಲಿ ಅದೇ ಡೈರಿ ಅಡುಗೆಮನೆಗೆ ವರ್ಗವಾಗಿ, ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖು ಬರೆದಿಡುವ ಪುಸ್ತಕವಾಗುತ್ತದೆ.

ಆದರೂ ಕೆಲವರ ಡೈರಿ ಸಂಕ್ರಾಂತಿ ದಾಟುತ್ತದೆ, ಯುಗಾದಿ ದಾಟುತ್ತದೆ, ಮುಂದಿನ ವರ್ಷದ ಪುಸ್ತಕಕ್ಕೂ ಹರಿಯುತ್ತದೆ. ಅವರ ಮನೋಬಲ ಉಳಿದವರಿಗಿಂತ ದೊಡ್ಡದೆ? ಡೈರಿಯಿಂದಲೇ ಹೆಸರಾದವರ ಬದುಕನ್ನು ನೋಡಿದರೆ ಹಾಗೇನೂ ಅನ್ನಿಸುವುದಿಲ್ಲ. ಅವರು ಬರೆಯಲು ಶುರು ಮಾಡಿದ್ದಕ್ಕೆ ಒಂದು ಕಾರಣ. ಬಿಡದೆ ಬರೆದದ್ದಕ್ಕೆ ಇನ್ನೊಂದೇ ಕಾರಣ.

ಶುರುವಿನ ಕಾರಣ ಎಷ್ಟೋ ಸಲ ತೀರಾ ಸಾಮಾನ್ಯವಾಗಿರುತ್ತದೆ. ಪಾಂಡಿಚೇರಿಯ ಆನಂದರಂಗ ಪಿಳ್ಳೆಯವರು 1736ರ ಸೆಪ್ಟೆಂಬರ್‌ನಲ್ಲಿ ತಮಿಳಿನಲ್ಲಿ ದಿನಚರಿ ಬರೆಯತೊಡಗಿದರು. ಅವರು ವ್ಯಾಪಾರಿ, ಮುಂದೆ ಫ್ರೆಂಚ್ ಗವರ್ನರ್ ಡೂಪ್ಲೆಗೆ ದುಬಾಷಿಯಾದವರು. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ಹಡಗು ಬಂದದ್ದು, ಹೋದದ್ದು, ಇವನ್ನು ಬರೆದಿಡುವುದಷ್ಟೇ ಅವರ ಉದ್ದೇಶವಾಗಿತ್ತು. ಲೆಕ್ಕ ಇಡುವವನ ಅಭ್ಯಾಸ, ಅಷ್ಟೆ. ಆ ಅಭ್ಯಾಸ ಕಾಲು ಶತಮಾನ ನಡೆಯಿತು. 1761ರ ಜನವರಿಯಲ್ಲಿ ಅವರು ತೀರಿಕೊಂಡರು. ಅದೇ ತಿಂಗಳು ಪಾಂಡಿಚೇರಿ ಬ್ರಿಟಿಷರ ವಶವಾಯಿತು. ಆ ದಿನಚರಿ ಇಂಗ್ಲಿಷಿನಲ್ಲಿ ಹನ್ನೆರಡು ಸಂಪುಟವಾಗಿದೆ.

ಲಂಡನ್ನಿನ ಸ್ಯಾಮ್ಯುಯಲ್ ಪೀಪ್ಸ್ ಎಂಬ ಗುಮಾಸ್ತ 1660ರ ಜನವರಿ 1ರಂದು ಬರೆಯಲು ಕುಳಿತ. ಅವನೂ ಹೊಸ ವರ್ಷದ ದಿನವೇ ಹಿಡಿದವನು ಎಂಬುದನ್ನು ನಮ್ಮ ಹುಡುಗರು ಗಮನಿಸಬಹುದು! ಆಗ ಅವನಿಗೆ 26 ವರ್ಷ. ಏಕೆ ಬರೆಯುತ್ತಿದ್ದೇನೆಂದು ಅವನು ಎಲ್ಲೂ ಹೇಳಿಲ್ಲ. 1665ರ ಪ್ಲೇಗು, 1666ರ ಲಂಡನ್ ಬೆಂಕಿ, ಆ ಬೆಂಕಿಗೆ ಹೆದರಿ ತೋಟದಲ್ಲಿ ಗುಂಡಿ ತೋಡಿ ತನ್ನ ಚೀಸ್ ಹೂತಿಟ್ಟದ್ದು, ಹೆಂಡತಿಯೊಡನೆ ಆಡಿದ ಜಗಳ, ಎಲ್ಲವೂ ಅದರಲ್ಲಿವೆ. ಬರೆದದ್ದು ಶೀಘ್ರಲಿಪಿಯಲ್ಲಿ, ಮನೆಯವರು ಯಾರಾದರೂ ತೆರೆದರೂ ಅರ್ಥವಾಗಬಾರದು. ಕಣ್ಣು ಹೋಗಿಬಿಡುತ್ತದೆಂಬ ಭಯದಿಂದ 1669ರ ಮೇ 31ರಂದು ನಿಲ್ಲಿಸಿದ. ಕಣ್ಣೇನೂ ಹೋಗಲಿಲ್ಲ. ಆಮೇಲೆ 34 ವರ್ಷ ಬದುಕಿದ್ದ.

ಕಿಟ್ಟಿ ಎಂಬ ಗೆಳತಿ

ಇವರಿಬ್ಬರೂ ದೊಡ್ಡವರು, ಹೊರಗಿನ ಪ್ರಪಂಚದಲ್ಲಿ ಓಡಾಡಿದವರು. ಓಡಾಟವೇ ಇಲ್ಲದ ಹುಡುಗಿಯೊಬ್ಬಳ ಡೈರಿ ಇವರಿಬ್ಬರದಕ್ಕಿಂತ ಹೆಚ್ಚು ಜನರನ್ನು ಮುಟ್ಟಿತು. ಅದು ಆನ್ ಫ್ರಾಂಕ್‌ಳ ಡೈರಿ.

ಹಿಟ್ಲರನ ಕಾಟ ತಾಳಲಾರದೆ ಜರ್ಮನಿ ಬಿಟ್ಟು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್‌ಗೆ ಬಂದು ನೆಲೆಸಿದ ಯಹೂದಿ ಕುಟುಂಬ ಅವಳದು. 1942ರ ಜೂನ್ 12ರಂದು, ಹದಿಮೂರನೇ ಹುಟ್ಟುಹಬ್ಬಕ್ಕೆ, ಕೆಂಪು-ಬಿಳಿ ಚೌಕಳಿಯ ಬಟ್ಟೆ ಹೊದಿಸಿದ ಪುಸ್ತಕವೊಂದು ಅವಳಿಗೆ ಉಡುಗೊರೆಯಾಗಿ ಬಂತು. ವಾಸ್ತವವಾಗಿ ಅದು ಗೆಳತಿಯರ ಹಸ್ತಾಕ್ಷರ ಹಾಕಿಸಿಕೊಳ್ಳುವ ಆಟೋಗ್ರಾಫ್ ಪುಸ್ತಕ. ಅವಳು ಅದನ್ನು ಡೈರಿ ಮಾಡಿಕೊಂಡಳು.

ಅವಳಿಗೇನು ಮಾತಾಡಲು ಜನರಿರಲಿಲ್ಲವೆ? ಇದ್ದರು. ಪ್ರೀತಿಸುವ ಅಪ್ಪ, ಅಮ್ಮ, ಅಕ್ಕ, ಶಾಲೆಯ ತುಂಬ ಸ್ನೇಹಿತರು. ನಗು, ಹರಟೆಗೆ ಕೊರತೆಯಿರಲಿಲ್ಲ. ಮನಸ್ಸಿನ ಒಳಗಿನದನ್ನು ಹೇಳಿಕೊಳ್ಳುವಂಥ ಒಬ್ಬ ಗೆಳತಿ ಮಾತ್ರ ಇಲ್ಲ ಎಂಬುದು ಅವಳ ದೂರು. ಹದಿಮೂರು ವರ್ಷದ ಮಕ್ಕಳಿರುವ ಮನೆಯವರಿಗೆ ಈ ದೂರು ಹೊಸದಲ್ಲ. ಊಟದ ಹೊತ್ತಿಗೆ ವಟವಟ ಎನ್ನುವ ಮಗುವೇ ಒಂದು ವಿಷಯ ಬಂದರೆ "ಏನಿಲ್ಲ ಬಿಡಮ್ಮ" ಎಂದು ಎದ್ದುಹೋಗುತ್ತದೆ. ಆ ಏನಿಲ್ಲದ ಒಳಗೇ ಎಲ್ಲವೂ ಇರುತ್ತದೆ. ಆನ್ ತನ್ನ ಡೈರಿಯಲ್ಲಿ ಕಿಟ್ಟಿ ಎಂಬ ಗೆಳತಿಯನ್ನು ಕಲ್ಪಿಸಿಕೊಂಡು, ಅವಳಿಗೆ ಕಾಗದ ಬರೆದಂತೆ ಬರೆಯತೊಡಗಿದಳು.

ಡೈರಿ ಕೈಗೆ ಬಂದು ತಿಂಗಳೂ ತುಂಬಿರಲಿಲ್ಲ, ಜುಲೈ 6ರಂದು ಇಡೀ ಕುಟುಂಬ ಅಪ್ಪ ಆಟೋ ಫ್ರಾಂಕ್ ಅವರ ಕಚೇರಿಯ ಹಿಂಬದಿಯಲ್ಲಿದ್ದ ಕೋಣೆಗಳಲ್ಲಿ ಅಡಗಿ ಕುಳಿತಿತು. ಮುಂದೆ ಇನ್ನೂ ನಾಲ್ವರು ಸೇರಿ ಎಂಟು ಜನರಾದರು. ಹಗಲು ಹೆಜ್ಜೆ ಸಪ್ಪಳವೂ ಕೇಳಬಾರದು. ಅಂಥ ಇಕ್ಕಟ್ಟಿನಲ್ಲಿ ಅವಳ ಕೋಣೆಯಲ್ಲಿದ್ದ ನಡುವಯಸ್ಸಿನ ದಂತವೈದ್ಯರೊಂದಿಗೆ ಬರೆಯುವ ಮೇಜಿಗಾಗಿ ದೊಡ್ಡ ಜಗಳವೇ ಆಯಿತು. ವಾರಕ್ಕೆ ಎರಡು ಮಧ್ಯಾಹ್ನ, ಒಂದೂವರೆ ಗಂಟೆ ಹೆಚ್ಚಿಗೆ ಮೇಜು ಬಿಟ್ಟುಕೊಡಿ ಎಂದು ಕೇಳಿದಳು. ಅವರು ಒಪ್ಪಲಿಲ್ಲ. ಹುಡುಗಿ ಮಾಡುವುದೇನು ಮಹಾ ಕೆಲಸ ಎಂಬ ಧಾಟಿ. ಕೊನೆಗೆ ಅಪ್ಪ ನಡುವೆ ಬಂದು ಮಗಳಿಗೆ ಆ ಸಮಯ ಕೊಡಿಸಿದರು. ಮಕ್ಕಳ ಬರವಣಿಗೆಗೆ ಹಿರಿಯರು ಮಾಡಬಹುದಾದ ಉಪಕಾರ ಇಷ್ಟೇ ಇರಬೇಕು: ಒಂದು ಮೇಜು, ಒಂದಿಷ್ಟು ಹೊತ್ತು.

ಮೊದಲ ಪುಸ್ತಕ ತುಂಬಿತು. ಹೊರಗಿನಿಂದ ಸಹಾಯ ಮಾಡುತ್ತಿದ್ದವರು ನೋಟ್‌ಪುಸ್ತಕ ತಂದುಕೊಟ್ಟರು. ಗೆಳತಿ ಬೇಕೆಂದು ಶುರುವಾದ ಡೈರಿಗೆ ಹೊಸದೊಂದು ಕಾರಣ ಸಿಕ್ಕಿದ್ದು ಈ ನಡುವೆಯೇ. 1944ರ ಜನವರಿಯಲ್ಲಿ ಅವಳು ಹಳೆಯ ಪುಟಗಳನ್ನು ತಿರುವಿ ಹಾಕಿದಳು. ಅಮ್ಮನ ಮೇಲೆ ತಾನೇ ಹಿಂದೆ ಕಾರಿದ ಸಿಟ್ಟು ಅಲ್ಲಿತ್ತು. ಓದಿ ಅವಳಿಗೇ ಗಾಬರಿಯಾಯಿತು. ಅಮ್ಮ ಮಾಡಿದ್ದೆಲ್ಲ ಸರಿ ಎಂದೇನೂ ಅವಳು ಒಪ್ಪಲಿಲ್ಲ. ಆದರೆ ಅಮ್ಮನಿಗೂ ಕಷ್ಟವಿತ್ತು, ತಾನೂ ನೋಯಿಸಿದ್ದೇನೆ ಎಂಬುದು ಹೊಳೆಯಿತು. ಯಾರೂ ಬುದ್ಧಿ ಹೇಳಿರಲಿಲ್ಲ. ಹೇಳಿದ್ದರೆ ಬಹುಶಃ ಕೇಳುತ್ತಲೂ ಇರಲಿಲ್ಲ. ಹಳೆಯ ಆನ್ ಬರೆದದ್ದನ್ನು ಹೊಸ ಆನ್ ಓದಿದ್ದಳು, ಅಷ್ಟೆ. ಹತ್ತು ದಿನಕ್ಕೇ ಡೈರಿ ಬಿಡುವವರಿಗೆ ದಕ್ಕದೆ ಹೋಗುವುದು ಇದೇ. ಮೊದಲ ವಾರ ಓದಿ ನೋಡಲು ಏನೂ ಇರುವುದಿಲ್ಲ. ವರ್ಷ ಕಳೆದ ಮೇಲೆ ತನ್ನದೇ ಅಕ್ಷರದಲ್ಲಿ ಬೇರೊಬ್ಬರು ಕಾಣಿಸುತ್ತಾರೆ.

ಅದೇ ವರ್ಷದ ಮಾರ್ಚ್ 28ರಂದು ಲಂಡನ್ನಿನಿಂದ ಡಚ್ ಸಚಿವರೊಬ್ಬರು ರೇಡಿಯೊದಲ್ಲಿ ಮಾತನಾಡಿ, ಯುದ್ಧಕಾಲದ ಡೈರಿ, ಕಾಗದಗಳನ್ನು ಜನ ಜೋಪಾನವಾಗಿಡಬೇಕೆಂದು ಕೋರಿದರು. ಅದನ್ನು ಕೇಳಿದ ಆನ್ ತನ್ನ ಡೈರಿಯನ್ನು ಪುಸ್ತಕವಾಗಿಸಲು ಬಿಡಿಹಾಳೆಗಳ ಮೇಲೆ ಮೇ ತಿಂಗಳಿಂದ ಮತ್ತೆ ಬರೆಯತೊಡಗಿದಳು. ಸುಮಾರು ಹತ್ತು ವಾರದಲ್ಲಿ ಇನ್ನೂರಕ್ಕೂ ಹೆಚ್ಚು ಹಾಳೆ. ಕೊನೆಯ ಬರಹ ಆಗಸ್ಟ್ 1ರದು.

ಸಹಿ ಹಾಕುತ್ತಿದ್ದ ಓದುಗ

ಡೈರಿಯನ್ನು ಯಾರೂ ನೋಡಲೇಬಾರದೆ? ಇದಕ್ಕೆ ಎದುರಾದ ಉದಾಹರಣೆ ಅದೇ ಕಾಲದಲ್ಲಿ ನಮ್ಮಲ್ಲೇ ಇದೆ. ಪುಣೆಯ ಆಗಾಖಾನ್ ಅರಮನೆಯಲ್ಲಿ ಗಾಂಧೀಜಿ ಬಂಧನದಲ್ಲಿದ್ದಾಗ, ಸಂಬಂಧದಲ್ಲಿ ಮೊಮ್ಮಗಳಾದ ಮನು 1943ರಲ್ಲಿ ಕಸ್ತೂರಬಾ ಅವರ ಶುಶ್ರೂಷೆಗೆಂದು ಅಲ್ಲಿಗೆ ಬಂದಳು. ಅವಳೂ ಹದಿಹರೆಯದವಳು, ಅವಳಿದ್ದ ಜಾಗವೂ ಕಾವಲಿನೊಳಗೆ. ಆ ಏಪ್ರಿಲ್‌ನಿಂದ ಗುಜರಾತಿಯಲ್ಲಿ ದಿನಚರಿ ಬರೆದಳು: ಎಷ್ಟು ನೂಲು ತೆಗೆದೆ, ಯಾವ ಪಾಠ ಓದಿದೆ, ಬಾ ಅವರ ಆರೋಗ್ಯ ಹೇಗಿದೆ. ಗಾಂಧೀಜಿ ಅದನ್ನು ಓದಿ, ಅಂಚಿನಲ್ಲಿ ಸೂಚನೆ ಬರೆದು ಸಹಿ ಹಾಕುತ್ತಿದ್ದರು.

ಮೊದಮೊದಲು ಇದು ಮೇಷ್ಟ್ರಿಗೆ ತೋರಿಸುವ ಹೋಂವರ್ಕಿನಂತೆ ಕಾಣುವುದು ಸಹಜ. ಶಾಲೆಯಲ್ಲಿ ಮೇಷ್ಟ್ರು ದಿನಚರಿ ಬರೆಸುವುದುಂಟಲ್ಲ: "ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ, ತಿಂಡಿ ತಿಂದೆ, ಶಾಲೆಗೆ ಹೋದೆ." ಜಾಣ ಹುಡುಗ ಒಂದು ದಿನದ್ದನ್ನೇ ಮೂವತ್ತು ದಿನಕ್ಕೆ ನಕಲು ಮಾಡುತ್ತಾನೆ. ಆದರೆ ಮನು ಓದಲು ಕೊಟ್ಟದ್ದು ತಾನು ತಾಯಿಯಂತೆ ನಂಬಿದವರಿಗೆ. ಓದುವವರು ಯಾರೆಂದು ಅವಳಿಗೆ ಮೊದಲೇ ಗೊತ್ತಿತ್ತು, ಕದ್ದು ನೋಡಿದ್ದಲ್ಲ. ಆದರೂ ಆನ್ ಅಮ್ಮನ ಬಗ್ಗೆ ಬರೆದಂಥ ಸಾಲುಗಳನ್ನು ಇನ್ನೊಬ್ಬರು ಸಹಿ ಹಾಕುವ ಪುಟದಲ್ಲಿ ಯಾವ ಹುಡುಗಿಯೂ ಬರೆಯಲಾರಳು.

ಹೀಗೆ ಮನಸ್ಸಿನದನ್ನು ಬರೆದರೆ ಉಪಯೋಗವಿದೆಯೆ ಎಂದು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ಮೇಲುಮೇಲಿನ ವಿಷಯ, ಕೆಲವರು ತಮ್ಮ ಬದುಕಿನ ದೊಡ್ಡ ನೋವು. ನೋವು ಬರೆದವರಿಗೆ ಆ ಕ್ಷಣಕ್ಕೆ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ, ನಡೆದದ್ದನ್ನೂ ಅನ್ನಿಸಿದ್ದನ್ನೂ ಕೂಡಿಸಿ ಬರೆದವರು ಕಾಲೇಜಿನ ವೈದ್ಯರ ಬಳಿ ಹೋದದ್ದು ಉಳಿದವರಿಗಿಂತ ಕಡಿಮೆ. ಆಮೇಲಿನ ಅನೇಕ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಪರಿಣಾಮ ಸಣ್ಣದೇ ಎಂದು ಕಂಡಿದೆ. ಡೈರಿ ಸರ್ವರೋಗಕ್ಕೂ ಮದ್ದಲ್ಲ. ಪೆನ್ನಿಬೇಕರ್ ಕಂಡ ಇನ್ನೊಂದು ಸಂಗತಿ ಹೆಚ್ಚು ಕುತೂಹಲದ್ದು. ದಿನದಿಂದ ದಿನಕ್ಕೆ "ಏಕೆಂದರೆ", "ಈಗ ಅರ್ಥವಾಯಿತು" ಎಂಬಂಥ ಮಾತುಗಳು ಹೆಚ್ಚುತ್ತಾ ಹೋದವರಿಗೆ ಬರವಣಿಗೆಯಿಂದ ಹೆಚ್ಚು ಪ್ರಯೋಜನವಾಗಿತ್ತು. ಅಮ್ಮನ ಬಗ್ಗೆ ಹಿಂದೆ ಬರೆದದ್ದನ್ನು ಆನ್ ಮತ್ತೆ ಓದಿದಾಗ ಆದದ್ದೂ ಇಂಥದೇ.

ಓದದೆ ಇಟ್ಟವರು

ಮಗಳ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಡೈರಿ ಸಿಕ್ಕಿದರೆ ತಾಯಿ ಏನು ಮಾಡಬೇಕು? ಓದಬೇಕೆನ್ನಿಸುವುದು ಕೆಟ್ಟತನವಲ್ಲ, ಕಾಳಜಿಯೇ. ಮಗು ಊಟ ಬಿಟ್ಟು ಮಂಕಾಗಿ ಕುಳಿತಿದ್ದರೆ ಆ ಆತಂಕ ಇನ್ನೂ ಹೆಚ್ಚು. ಅಂಥ ಹೊತ್ತಿನಲ್ಲಿ ಎದುರು ಕೂರಿಸಿಕೊಂಡು ಕೇಳುವುದು, ಅಗತ್ಯ ಬಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯುವುದು ಡೈರಿ ತೆರೆಯುವುದಕ್ಕಿಂತ ನೇರವಾದ ದಾರಿ. ಒಮ್ಮೆ ಓದಿದ್ದು ಗೊತ್ತಾಯಿತೆಂದರೆ ಹುಡುಗಿ ಬರೆಯುವುದನ್ನು ಬಿಡುತ್ತಾಳೆ. ಇಲ್ಲವೇ ಅಮ್ಮ ಓದಲಿ ಎಂದೇ ಬೇರೊಂದು ಡೈರಿ ಬರೆಯುತ್ತಾಳೆ.

ಆನ್ ರಾತ್ರಿ ಹೊತ್ತು ತನ್ನ ಡೈರಿಯನ್ನು ಅಪ್ಪನ ಹಾಸಿಗೆಯ ಪಕ್ಕದ ಬ್ರೀಫ್‌ಕೇಸಿನಲ್ಲಿ ಇಡುತ್ತಿದ್ದಳು. ತೆರೆದು ನೋಡುವುದಿಲ್ಲವೆಂದು ಅಪ್ಪ ಮಾತು ಕೊಟ್ಟಿದ್ದರು. ಎರಡು ವರ್ಷ, ಕೈಗೆಟಕುವಷ್ಟು ದೂರದಲ್ಲಿ. ನೋಡಲಿಲ್ಲ.

1944ರ ಆಗಸ್ಟ್ 4ರಂದು ಪೊಲೀಸರು ನುಗ್ಗಿ ಎಂಟೂ ಜನರನ್ನು ಬಂಧಿಸಿದರು. ಒಡವೆ, ಹಣ ತುಂಬಿಕೊಳ್ಳಲು ಅಧಿಕಾರಿ ಆ ಬ್ರೀಫ್‌ಕೇಸನ್ನೇ ಎತ್ತಿ ಒಳಗಿದ್ದ ಕಾಗದಗಳನ್ನು ನೆಲಕ್ಕೆ ಸುರಿದ. ಕಚೇರಿಯ ಉದ್ಯೋಗಿ, ಈ ಕುಟುಂಬಕ್ಕೆ ಅನ್ನ ಹೊತ್ತು ತರುತ್ತಿದ್ದ ಮೀಪ್ ಗೀಸ್, ಸಹೋದ್ಯೋಗಿಯೊಂದಿಗೆ ಸೇರಿ ಅವನ್ನು ಆಯ್ದು ತಂದರು. ಆನ್ ಮರಳಿ ಬಂದ ಮೇಲೆ ಕೊಡೋಣವೆಂದು ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟರು. ಹುಡುಗಿಯದಾದರೂ ಅದು ಅವಳ ಖಾಸಗಿ ಬರಹ ಎಂದು ಒಂದು ಸಾಲೂ ಓದಲಿಲ್ಲ. ಓದಿದ್ದರೆ ಸುಟ್ಟುಬಿಡಬೇಕಾಗುತ್ತಿತ್ತು ಎಂದು ಆಕೆ ಮುಂದೆ ಹೇಳಿದರು. ಸಹಾಯ ಮಾಡಿದವರ ಹೆಸರುಗಳೆಲ್ಲ ಅದರಲ್ಲಿದ್ದವು.

ಎಂಟು ಜನರಲ್ಲಿ ಉಳಿದು ಬಂದವರು ಆಟೋ ಫ್ರಾಂಕ್ ಒಬ್ಬರೇ. ಆನ್ 1945ರ ಆರಂಭದಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ತೀರಿಕೊಂಡಿದ್ದಳು. ಆ ಸುದ್ದಿ ಖಚಿತವಾದಾಗ ಮೀಪ್ ಡ್ರಾಯರಿನಿಂದ ಕಾಗದಗಳನ್ನು ತೆಗೆದು ತಂದೆಯ ಕೈಗಿತ್ತರು. 1947ರಲ್ಲಿ ಅದು ಪುಸ್ತಕವಾಯಿತು. ಅಷ್ಟು ಹತ್ತಿರವಿದ್ದ ಮಗಳ ಮನಸ್ಸಿನ ಆಳ ತನಗೆ ಗೊತ್ತೇ ಇರಲಿಲ್ಲ ಎಂದು ಆಟೋ ಮುಂದೆ ಹೇಳಿಕೊಂಡರು. ಹೆಚ್ಚಿನ ತಂದೆತಾಯಿಗಳಿಗೆ ತಮ್ಮ ಮಕ್ಕಳು ನಿಜವಾಗಿ ತಿಳಿದಿರುವುದಿಲ್ಲ ಎಂಬುದು ಅವರು ತಲುಪಿದ ನಿರ್ಣಯ. ಡೈರಿ ಕೈಗೆ ಬಂದ ಹೊಸದರಲ್ಲಿ ಒಂದೇ ಸಲಕ್ಕೆ ಓದಲು ಅವರಿಂದ ಆಗುತ್ತಿರಲಿಲ್ಲ. ದಿನಕ್ಕೆ ಕೆಲವೇ ಪುಟ ಓದುತ್ತಿದ್ದರು. ಕೆಲವು ಭಾಗಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ತಮ್ಮ ತಾಯಿಗೆ, ಆನ್‌ಳ ಅಜ್ಜಿಗೆ, ಕಳಿಸಿಕೊಟ್ಟರು.