ಹಿರಿಯರ ಬಡಾವಣೆಗೆ ಐಸ್‌ಕ್ರೀಮ್ ಟ್ರಕ್ಕು ಬರಬಹುದೇ?



ಮೆಮೋರಿಯಲ್ ಡೇ ಕಳೆದು ಬಿಸಿಲು ಏರಿತೆಂದರೆ ನಮ್ಮ ನ್ಯೂಜೆರ್ಸಿಯ ಬೀದಿಗಳಲ್ಲಿ ಐಸ್‌ಕ್ರೀಮ್ ಟ್ರಕ್ಕುಗಳ ಟಿಣಿಟಿಣಿ ಹಾಡು ಶುರು. ಮಕ್ಕಳಿರುವ ಬೀದಿಯಲ್ಲಿ ಇದಕ್ಕೆ ತಕರಾರು ಕಡಿಮೆ. ಊಟಕ್ಕೆ ಮೊದಲೇ ಮಕ್ಕಳ ಹೊಟ್ಟೆ ತುಂಬುತ್ತದೆ, ನಮ್ಮ ಜೇಬು ಖಾಲಿಯಾಗುತ್ತದೆ ಅನ್ನುವುದಷ್ಟೇ ದೂರು! ಆದರೆ ಅದೇ ಟ್ರಕ್ಕು 55 ದಾಟಿದವರಿಗೆಂದೇ ಕಟ್ಟಿದ, ಹಕ್ಕಿ ಕೂಗಿದರೂ ಕೇಳಿಸುವಷ್ಟು ಶಾಂತವಾದ ಬಡಾವಣೆಯ ಗೇಟಿನೊಳಗೆ ಬಂದರೆ? ಆಗ ಮನೆ ಮಾಲೀಕರ ಸಂಘದಲ್ಲಿ ಎರಡು ಪಕ್ಷಗಳಾಗುತ್ತವೆ. "ನಾವು ಹಣ ಕೊಟ್ಟು ಕೊಂಡದ್ದೇ ಶಾಂತಿಯನ್ನು, ಇಲ್ಲಿ ಮಕ್ಕಳೇ ಇಲ್ಲವಲ್ಲ, ಟ್ರಕ್ಕು ಯಾಕೆ?" ಎನ್ನುವವರು ಒಂದು ಕಡೆ. "ಐಸ್‌ಕ್ರೀಮ್ ತಿನ್ನಲು ವಯಸ್ಸಿನ ಮಿತಿ ಇದೆಯೇ?" ಎನ್ನುವವರು ಇನ್ನೊಂದು ಕಡೆ.

ಇದೇನು ನಮಗೆ ಸಂಬಂಧವಿಲ್ಲದ ಜಗಳ ಎಂದುಕೊಳ್ಳಬೇಡಿ. ಟರ್ನ್‌ಪೈಕಿನ 8ಎ ಎಕ್ಸಿಟ್‌ನಲ್ಲಿ ಇಳಿದು ಮನ್ರೋ ಟೌನ್‌ಶಿಪ್ ಕಡೆ ತಿರುಗಿದರೆ ಇಂಥ ಬಡಾವಣೆಗಳು ಸಾಲಾಗಿ ಸಿಗುತ್ತವೆ. ಎಡಿಸನ್, ಪ್ಲೇನ್ಸ್‌ಬರೊ ಸುತ್ತಮುತ್ತ ನೆಲೆಸಿದ ನಮ್ಮವರು ಗ್ರೀನ್‌ಕಾರ್ಡಿನ ಮೇಲೆ ಬಂದ ಅಪ್ಪ ಅಮ್ಮಂದಿರಿಗೆ ಅಲ್ಲೊಂದು ಮನೆ ಮಾಡಿಕೊಡುವುದುಂಟು. ಎಪ್ಪತ್ತರ ದಶಕದಲ್ಲೇ ಇಲ್ಲಿಗೆ ಬಂದ ಹಿರಿಯ ಕನ್ನಡಿಗರು, ಮಕ್ಕಳು ಓದಿ ದೂರ ಹೋದ ಮೇಲೆ ದೊಡ್ಡ ಮನೆ ಮಾರಿ, ಹುಲ್ಲು ಕತ್ತರಿಸುವ ಮತ್ತು ಹಿಮ ಎತ್ತುವ ಕಷ್ಟ ಸಾಕೆಂದು ಅಲ್ಲಿಗೆ ಹೋಗುವುದೂ ಉಂಟು. ಹಾಗಾಗಿ ಈ ಟ್ರಕ್ಕಿನ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ ಅನ್ನಿಸಿತು.

ಮೊದಲು "ಮಕ್ಕಳೇ ಇಲ್ಲ" ಎಂಬ ಮಾತು. ಇದರ ಹಿಂದೆ ಕಾನೂನಿದೆ. ಡೆಲ್ ವೆಬ್ ಎಂಬ ಕಂಟ್ರಾಕ್ಟರ್ ಅರಿಜೋನಾದ ಫೀನಿಕ್ಸ್ ಬಳಿ ಸನ್ ಸಿಟಿಯನ್ನು 1960ರ ಜನವರಿ 1ರಂದು ತೆರೆದಾಗಿನಿಂದ, ನಿವೃತ್ತರಿಗೆಂದೇ ಊರು ಕಟ್ಟುವ ಕಲ್ಪನೆ ಈ ದೇಶದಲ್ಲಿ ಬೇರೂರಿತು. ಮಕ್ಕಳಿರುವ ಕುಟುಂಬಕ್ಕೆ ಮನೆ ಕೊಡುವುದಿಲ್ಲ ಎನ್ನುವುದು 1988ರ ತಿದ್ದುಪಡಿಯಿಂದ ಕಾನೂನುಬಾಹಿರವಾಯಿತು. ಆದರೆ ಹಿರಿಯರ ಬಡಾವಣೆಗಳಿಗೆ ವಿನಾಯಿತಿ ಸಿಕ್ಕಿತು. 1995ರ ಕಾನೂನು ಅದನ್ನು ಇನ್ನಷ್ಟು ಸರಳ ಮಾಡಿತು. ಜನರಿರುವ ಮನೆಗಳಲ್ಲಿ ಶೇಕಡಾ 80ರಲ್ಲಿ ಕನಿಷ್ಠ ಒಬ್ಬರಾದರೂ 55 ದಾಟಿರಬೇಕು. ಇಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಮೊಮ್ಮಕ್ಕಳು ಬಂದು ಹೋಗುವುದನ್ನು ಈ ಕಾನೂನು ತಡೆಯುವುದಿಲ್ಲ. ಎಷ್ಟು ದಿನ ಇರಬಹುದು ಎನ್ನುವುದನ್ನು ಆಯಾ ಬಡಾವಣೆ ತೀರ್ಮಾನಿಸುತ್ತದೆ. ಎರಡು, ಕಾನೂನು ಎಣಿಸುವುದು ಮನೆಯಲ್ಲಿ ಇರುವವರ ವಯಸ್ಸನ್ನು, ಮನೆ ಯಾರ ಹೆಸರಲ್ಲಿದೆ ಎನ್ನುವುದನ್ನಲ್ಲ. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಐಸ್‌ಕ್ರೀಮ್ ಟ್ರಕ್ಕು ಬರೀ ಮಕ್ಕಳದ್ದು ಎನ್ನುವುದೂ ಅರ್ಧ ಸತ್ಯ. ಒಹಾಯೊ ರಾಜ್ಯದ ಯಂಗ್ಸ್‌ಟೌನಿನ ಹ್ಯಾರಿ ಬರ್ಟ್ 1920ರಲ್ಲಿ ಚಾಕೊಲೇಟ್ ಹೊದಿಸಿದ ಐಸ್‌ಕ್ರೀಮಿಗೆ ಕಡ್ಡಿ ಸಿಕ್ಕಿಸಿ, ಗಾಡಿಗಳಿಗೆ ಗಂಟೆ ಕಟ್ಟಿ ಬೀದಿಗೆ ಬಿಟ್ಟರು. ಅದೇ ಗುಡ್ ಹ್ಯೂಮರ್. 1956ರಲ್ಲಿ ಫಿಲಡೆಲ್ಫಿಯಾದ ಕಾನ್‌ವೇ ಸಹೋದರರು ಮಿಸ್ಟರ್ ಸಾಫ್ಟೀ ಶುರು ಮಾಡಿದರು. 1960ರಲ್ಲಿ ಲೆಸ್ ವಾಸ್ ಎಂಬ ಜಾಹೀರಾತಿನವರು ಅದಕ್ಕೊಂದು ಹಾಡು ಕಟ್ಟಿಕೊಟ್ಟರು. ಈಗ ಲೆಕ್ಕ ಹಾಕಿ. ಆ ಹಾಡಿಗೆ ಓಡಿಹೋದ ಮೊದಲ ತಲೆಮಾರಿನ ಮಕ್ಕಳು ಇಂದು ಎಲ್ಲಿದ್ದಾರೆ? ಇದೇ 55 ದಾಟಿದವರ ಬಡಾವಣೆಗಳಲ್ಲಿ!

ಹಾಗಾದರೆ ವಿರೋಧಿಸುವವರದ್ದು ಸುಮ್ಮನೆ ಸಿಡುಕೇ? ಅಲ್ಲ. ಅವರ ದೂರಿನಲ್ಲಿ ಗಟ್ಟಿಯಾದ ಒಂದು ಅಂಶವಿದೆ, ಅದು ಶಬ್ದ. ವಯಸ್ಸಾದಂತೆ ಕಿವಿ ಮಂದವಾಗುತ್ತದೆ, ಆದ್ದರಿಂದ ಅವರಿಗೆ ಸದ್ದಿನ ತೊಂದರೆ ಕಡಿಮೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜ ಸಂಗತಿ ಹೆಚ್ಚು ಕಡಿಮೆ ಉಲ್ಟಾ. ಒಳಗಿವಿಯ ಸೂಕ್ಷ್ಮ ಕೋಶಗಳು ಸವೆದಾಗ ಮೆಲುದನಿ ಕೇಳಿಸುವುದಿಲ್ಲ, ಆದರೆ ಜೋರಾದ ಸದ್ದು ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. "ಕೇಳಿಸ್ತಾ ಇಲ್ಲ" ಮತ್ತು "ಕಿರುಚಬೇಡ" ಇವೆರಡರ ನಡುವಿನ ಅಂತರ ಕಿರಿದಾಗುತ್ತದೆ. ಅಜ್ಜನ ಜೊತೆ ಮಾತಾಡಿದ ಎಲ್ಲರಿಗೂ ಇದು ಗೊತ್ತು. ಹಿಯರಿಂಗ್ ಏಡ್ ಹಾಕಿಕೊಂಡವರಿಗೆ ಹಾಡಿನ ಜೊತೆ ಟ್ರಕ್ಕಿನ ಗುರುಗುರು ಸದ್ದೂ ಕಿವಿಯೊಳಗೇ ಬಂದು ಕೂರುತ್ತದೆ. ಮರೆವಿನ ಕಾಯಿಲೆ ಇರುವ ಗಂಡನನ್ನೋ ಹೆಂಡತಿಯನ್ನೋ ಹಗಲಿಡೀ ನೋಡಿಕೊಂಡು, ಮಧ್ಯಾಹ್ನ ಅವರು ಮಲಗಿದ ಒಂದು ಗಂಟೆಯಲ್ಲಿ ಉಸಿರು ಬಿಡುವವರಿಗೆ ಆ ಹೊತ್ತಿಗೆ ಬರುವ ಹಾಡು ತಮಾಷೆಯ ವಿಷಯವಲ್ಲ. ಎಚ್ಚರವಾದವರನ್ನು ಮತ್ತೆ ಸಮಾಧಾನ ಮಾಡಲು ಸಂಜೆಯಾಗಬಹುದು.

ಸದ್ದಿನ ಲೆಕ್ಕವನ್ನೂ ನೋಡಿಬಿಡೋಣ (ಎಂಜಿನಿಯರ್ ಬುದ್ಧಿ, ಕ್ಷಮಿಸಿ). ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 7.5 ಮೀಟರ್ ದೂರದಲ್ಲಿ 80 ಇದ್ದದ್ದು 15 ಮೀಟರಿಗೆ 74, 30ಕ್ಕೆ 68, 60ಕ್ಕೆ 62. ಎದುರು ಬದುರು ಕೂತು ಆಡುವ ಮಾತು ಸುಮಾರು 60. ಅಂದರೆ ನಾಲ್ಕಾರು ಮನೆ ಆಚೆ ಟ್ರಕ್ಕು ನಿಂತಿದ್ದರೂ, ಕಿಟಕಿ ತೆರೆದಿದ್ದರೆ ಅದು ನಿಮ್ಮ ಹಜಾರದಲ್ಲಿ ಕೂತು ಮಾತಾಡಿದ ಹಾಗೆ. ಒಬ್ಬ ಗಿರಾಕಿಗಾಗಿ ನೂರು ಮನೆಗೆ ಕೇಳಿಸುವ ವ್ಯವಸ್ಥೆ ಇದು. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಹೇಳುವುದಾದರೆ ಶುದ್ಧ ಬ್ರಾಡ್‌ಕಾಸ್ಟ್!

80 ಎಂಬ ಅಂಕಿಯನ್ನು ನಾವು ಸುಮ್ಮನೆ ಆರಿಸಿಲ್ಲ. ಇಂಗ್ಲೆಂಡಿನಲ್ಲಿ ಐಸ್‌ಕ್ರೀಮ್ ಗಾಡಿಯ ಹಾಡಿಗೇ ಒಂದು ನಿಯಮಾವಳಿ ಇದೆ, ಅದರಲ್ಲಿ 7.5 ಮೀಟರಿನಲ್ಲಿ 80 ಗರಿಷ್ಠ ಮಿತಿ. ಮಧ್ಯಾಹ್ನ 12ಕ್ಕೆ ಮೊದಲು, ಸಂಜೆ 7ರ ನಂತರ ಹಾಡುವಂತಿಲ್ಲ ಎಂಬುದು 1974ರ ಕಾನೂನಿನಿಂದ ಬಂದದ್ದು. 2013ರಲ್ಲಿ ಪರಿಷ್ಕರಿಸಿದಾಗ ಒಂದು ಸಲಕ್ಕೆ 12 ಸೆಕೆಂಡ್ ಎಂದು ಗೊತ್ತು ಮಾಡಿದರು. ಅದಕ್ಕೂ ಮೊದಲು ಬರೀ 4 ಸೆಕೆಂಡ್ ಇತ್ತು. ಒಂದೇ ಬೀದಿಯಲ್ಲಿ 2 ಗಂಟೆಯೊಳಗೆ ಮತ್ತೆ ಹಾಡಬಾರದು, ಆಸ್ಪತ್ರೆಯ 50 ಮೀಟರ್ ಒಳಗೆ ಹಾಡಬಾರದು. ಇಷ್ಟೆಲ್ಲ ಬರೆದರೂ ಗಾಡಿಯನ್ನು ಮಾತ್ರ ಯಾರೂ ನಿಷೇಧಿಸಲಿಲ್ಲ ನೋಡಿ. ನಮ್ಮ ಪಕ್ಕದ ನ್ಯೂಯಾರ್ಕ್ ನಗರದಲ್ಲೂ ಹೀಗೇ ಆಯಿತು. ಮೇಯರ್ ಬ್ಲೂಮ್‌ಬರ್ಗ್ ಕಾಲದಲ್ಲಿ ಹಾಡನ್ನೇ ನಿಲ್ಲಿಸುವ ಮಾತು ಎದ್ದು, ಕೊನೆಗೆ 2005ರ ಕಾನೂನಿನಲ್ಲಿ ರಾಜಿಯಾಯಿತು. ಟ್ರಕ್ಕು ಚಲಿಸುವಾಗ ಹಾಡಬಹುದು, ನಿಂತಾಗ ಬಾಯಿ ಮುಚ್ಚಬೇಕು. ಇದು 2007ರಲ್ಲಿ ಜಾರಿಗೆ ಬಂತು.

ನಮ್ಮ ನ್ಯೂಜೆರ್ಸಿಯೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಬೀದಿಯಲ್ಲಿ ಧ್ವನಿವರ್ಧಕದ ಗಾಡಿಗಳ ಕರ್ಕಶ ಸದ್ದನ್ನು ಟ್ರೆಂಟನ್ ನಗರ ತಡೆದದ್ದು ಸರಿ ಎಂದು ಸುಪ್ರೀಂ ಕೋರ್ಟು 1949ರಲ್ಲೇ ತೀರ್ಪು ಕೊಟ್ಟಿತು. ಅದು ಐಸ್‌ಕ್ರೀಮಿನ ಮೊಕದ್ದಮೆಯಲ್ಲ, ಮಾತಿನ ಹಕ್ಕಿನ ಮೊಕದ್ದಮೆ. ಆದರೂ ಮನೆಯೊಳಗೆ ಕೂತವರ ನೆಮ್ಮದಿಗೂ ಒಂದು ಬೆಲೆ ಇದೆ ಎಂಬುದು ಅಲ್ಲಿಂದ ಬಂತು. ಗೇಟಿರುವ ಬಡಾವಣೆಗಳಿಗಂತೂ ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಒಳಗಿನ ರಸ್ತೆಗಳು ಸಾಮಾನ್ಯವಾಗಿ ಖಾಸಗಿ, ಆದ್ದರಿಂದ ಟ್ರಕ್ಕಿಗೆ ಟೌನ್‌ಶಿಪ್ಪಿನ ಪರವಾನಗಿ ಇದ್ದರೂ ಒಳಗೆ ಬರಲು ಸಂಘದ ಒಪ್ಪಿಗೆ ಬೇಕು. ರಸ್ತೆ ಸಾರ್ವಜನಿಕವಾಗಿದ್ದರೆ ಮಾತ್ರ ಸಂಘದ ಕೈ ಕಟ್ಟಿರುತ್ತದೆ.

ಅಂದರೆ ಬೇಡ ಎನ್ನುವುದು ಬಹಳ ಸುಲಭ. ಒಂದು ಸಭೆ, ಒಂದು ಮತ, ಗೇಟಿನ ಕಾವಲುಗಾರನಿಗೆ ಒಂದು ಚೀಟಿ. ನಮಗೆ ಚಿಂತೆ ಇರುವುದೇ ಇಲ್ಲಿ.

ಈ ಬಡಾವಣೆಗಳಲ್ಲಿ ಕಾರು ಓಡಿಸುವುದು ನಿಲ್ಲಿಸಿದವರ ದಿನವನ್ನು ಒಮ್ಮೆ ಊಹಿಸಿಕೊಳ್ಳಿ. ಮಗ ಸೊಸೆ ವಾರಾಂತ್ಯಕ್ಕೆ ಬರುತ್ತಾರೆ. ಹಾಲು, ತರಕಾರಿ, ಔಷಧಿ ಎಲ್ಲವೂ ಅವರ ಕಾರಿನಲ್ಲೇ ಬರುತ್ತದೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಬೀದಿಯೇ ಮನೆ ಬಾಗಿಲಿಗೆ ಬರುತ್ತಿತ್ತು. ಬೆಳಿಗ್ಗೆ ಸೊಪ್ಪಿನವಳು, ಆಮೇಲೆ ತರಕಾರಿ ತಳ್ಳುಗಾಡಿ, ಸಂಜೆ ಮಾರು ಹಾಕಿ ಹೂ ಕೊಡುವವಳು, ಬೇಸಿಗೆಯಲ್ಲಿ ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡ ಐಸ್‌ಕ್ಯಾಂಡಿಯವನು. ಅವರ ಕೂಗಿನಲ್ಲೇ ಗಂಟೆ ಎಷ್ಟಾಯಿತೆಂದು ತಿಳಿಯುತ್ತಿತ್ತು. ಚೌಕಾಸಿಯ ನೆಪದಲ್ಲಿ ಪಕ್ಕದ ಮನೆಯವರ ಜೊತೆ ನಾಲ್ಕು ಮಾತೂ ಆಗುತ್ತಿತ್ತು. ಇಲ್ಲಿ ಬರುವುದು ಅಂಚೆಯ ಗಾಡಿ ಮತ್ತು ಅಮೆಜಾನ್ ವ್ಯಾನು. ಇಬ್ಬರಿಗೂ ನಿಲ್ಲಲು ಪುರುಸೊತ್ತಿಲ್ಲ. ನಿಂತು, ಕಿಟಕಿ ತೆರೆದು, "ಏನು ಬೇಕು?" ಎಂದು ಕೇಳುವ ಗಾಡಿ ಇದೊಂದೇ. ತಮ್ಮ ಪರ್ಸಿನಿಂದ ತಾವೇ ದುಡ್ಡು ತೆಗೆದು ಕೊಟ್ಟು ಬೇಕಾದ್ದನ್ನು ಕೊಳ್ಳುವುದು, ವಾರವಿಡೀ ಮಕ್ಕಳ ಕೈ ಕಾಯುವವರಿಗೆ ಸಣ್ಣ ಸುಖವಲ್ಲ. ಅದು ಎರಡು ಡಾಲರಿನದೋ ಐದು ಡಾಲರಿನದೋ ಎನ್ನುವುದು ಮುಖ್ಯವಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇವೆ: ಗಾಡಿ ಬರಲಿ, ಹಾಡು ಬೇಡ. ಹಾಡಿನ ಕೆಲಸವೇನಿದ್ದರೂ ಗಾಡಿ ಬಂತೆಂದು ತಿಳಿಸುವುದು. ಬರುವ ದಿನ ಮತ್ತು ಸಮಯ ಮೊದಲೇ ಗೊತ್ತಿದ್ದರೆ ಅದು ಅನವಶ್ಯಕ. ವಾರಕ್ಕೊಂದು ದಿನ, ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ, ನಾಲ್ಕೂವರೆಯಿಂದ ಐದೂವರೆ ಎಂದು ಗೊತ್ತು ಮಾಡಿ. ಕ್ಲಬ್‌ಹೌಸಿನ ಫಲಕದಲ್ಲಿ ಬರೆಯಿರಿ, ಬೇಕೆಂದವರ ಫೋನಿಗೆ ಮಾತ್ರ ಸಂದೇಶ ಕಳಿಸಿ. ಕ್ಲಬ್‌ಹೌಸಿನ ನೆರಳಿನಲ್ಲಿ ಒಂದು ನಿಲುಗಡೆ ಸಾಲದು. ಅಷ್ಟು ದೂರ ನಡೆಯಲಾರದವರಿಗೇ ಇದು ಹೆಚ್ಚು ಬೇಕು, ಹಾಗಾಗಿ ಒಳಗಡೆ ಇನ್ನೆರಡು ಕಡೆ ನಿಲ್ಲಲಿ. ನಿಲುಗಡೆಗಳು ಟ್ರಕ್ಕು ಹಿಂದಕ್ಕೆ ತೆಗೆಯಬೇಕಾಗಿಲ್ಲದ ಜಾಗವಾಗಿರಲಿ. ವಾಕರ್ ಹಿಡಿದವರು ಹಿಂದೆ ನಿಂತಿದ್ದರೆ ಚಾಲಕನಿಗೆ ಕಾಣುವುದಿಲ್ಲ.

ಎಂಜಿನ್ನಿನ ಸದ್ದೂ ಇದೆಯಲ್ಲ ಎಂದರೆ, ಅದಕ್ಕೆ ಯಾವ ಬಗೆಯ ಟ್ರಕ್ಕು ಎಂದು ಕೇಳಬೇಕು. ಸ್ಥಳದಲ್ಲೇ ಯಂತ್ರದಿಂದ ಮೆತ್ತಗಿನ ಐಸ್‌ಕ್ರೀಮ್ ಸುರಿಯುವ ಟ್ರಕ್ಕಿಗೆ ನಿಂತಾಗಲೂ ಎಂಜಿನ್ನೋ ಜನರೇಟರೋ ಓಡುತ್ತಿರಬೇಕು. ಹೊಗೆ, ಸದ್ದು ಎರಡೂ ಅಲ್ಲಿಂದ. ಪ್ಯಾಕೆಟ್ಟಿನ ಐಸ್‌ಕ್ರೀಮ್ ಮಾರುವ ಟ್ರಕ್ಕುಗಳಲ್ಲಿ ಹೆಚ್ಚಾಗಿ ಕೋಲ್ಡ್ ಪ್ಲೇಟ್ ಇರುತ್ತದೆ. ಪೆಟ್ಟಿಗೆಯ ಒಳಗೋಡೆಯಲ್ಲಿ ದ್ರಾವಣ ತುಂಬಿದ ಲೋಹದ ತಟ್ಟೆಗಳು; ರಾತ್ರಿ ಕರೆಂಟಿಗೆ ಸಿಕ್ಕಿಸಿ ಅದನ್ನು ಹೆಪ್ಪುಗಟ್ಟಿಸಿದರೆ ಮರುದಿನವಿಡೀ ಎಂಜಿನ್ ನಿಲ್ಲಿಸಿದ್ದರೂ ತಂಪು ಉಳಿಯುತ್ತದೆ. ಊರಿನ ಐಸ್‌ಕ್ಯಾಂಡಿ ಡಬ್ಬಿಯ ಸುಧಾರಿಸಿದ ತಮ್ಮ ಎನ್ನಿ! ಹಿರಿಯರ ಬಡಾವಣೆಗೆ ಇದೇ ಸರಿ.

ಸಕ್ಕರೆ ಕಾಯಿಲೆಯ ಮಾತು ಬಂದೇ ಬರುತ್ತದೆ. ಅದು ಅವರವರ ವೈದ್ಯರ ಜೊತೆ ಮುಗಿಸಬೇಕಾದ ಲೆಕ್ಕ, ಗೇಟಿನಲ್ಲಿ ನಿರ್ಧರಿಸುವುದಲ್ಲ. ಎರಡು ವಿಷಯ ಮಾತ್ರ ನಮ್ಮವರು ತಿಳಿದಿದ್ದರೆ ಒಳ್ಳೆಯದು. ಪಾರ್ಶ್ವವಾಯು ಆಗಿ ನುಂಗಲು ತೊಂದರೆಯಿದ್ದು, ನೀರನ್ನೂ ಗಟ್ಟಿ ಮಾಡಿ ಕುಡಿಯುವವರಿಗೆ ಐಸ್‌ಕ್ರೀಮ್ ಕೊಡಬಾರದು. ಬಾಯಲ್ಲಿ ಕರಗಿದ ಕೂಡಲೇ ಅದು ತೆಳು ದ್ರವವಾಗಿ ಶ್ವಾಸನಾಳಕ್ಕೆ ಇಳಿಯಬಹುದು. ಇನ್ನು ಮೊಟ್ಟೆ ತಿನ್ನದವರಿಗೆ: ಇಲ್ಲಿ ಫ್ರೆಂಚ್ ವೆನಿಲ್ಲಾ, ಫ್ರೋಜನ್ ಕಸ್ಟರ್ಡ್ ಎಂದರೆ ಮೊಟ್ಟೆಯ ಹಳದಿ ಇದೆ ಎಂದೇ ಅರ್ಥ, ಮಾರ್ಷ್‌ಮೆಲೋ ಮತ್ತು ಗಮ್ಮಿಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಪ್ಯಾಕೆಟ್ಟಿನದಾದರೆ ಹಿಂದೆ ಓದಿ ತಿಳಿಯಬಹುದು, ಇದೂ ಪ್ಯಾಕೆಟ್ ಟ್ರಕ್ಕಿನ ಪರವಾಗಿ ಒಂದು ಅಂಕ.

ಈಗ ನೆನಪಿಟ್ಟುಕೊಳ್ಳಿ ಎಂದಿದ್ದ ಸಂಗತಿ. ಮನೆಯಲ್ಲಿ ಇರುವವರು ಅಪ್ಪ ಅಮ್ಮ, ಆದರೆ ಪತ್ರ ಮಗನದೋ ಮಗಳದೋ ಹೆಸರಲ್ಲಿದ್ದರೆ, ಸಂಘದಲ್ಲಿ ಮತ ಸಾಮಾನ್ಯವಾಗಿ ಮಾಲೀಕರದ್ದು. ಟ್ರಕ್ಕು ಬೇಕೋ ಬೇಡವೋ ಎಂದು ಯಾರನ್ನು ಕೇಳಬೇಕೋ ಅವರಿಗೆ ಕೈ ಎತ್ತುವ ಹಕ್ಕಿಲ್ಲ. ಹಕ್ಕಿರುವವರು ಎಡಿಸನ್ನಿನಲ್ಲಿ ಆಫೀಸಿನಲ್ಲಿ ಇರುತ್ತಾರೆ, ಸಭೆಯ ಇಮೇಲನ್ನು ತೆರೆಯುವುದೂ ಇಲ್ಲ. ನ್ಯೂಜೆರ್ಸಿಯ ಕಾನೂನಿನ ಪ್ರಕಾರ ಮಂಡಳಿ ಮತ ಹಾಕಿ ನಿರ್ಧರಿಸುವ ಸಭೆಗಳು, ಕೆಲವು ಗೋಪ್ಯ ವಿಷಯಗಳನ್ನು ಬಿಟ್ಟರೆ, ಮಾಲೀಕರಿಗೆ ತೆರೆದಿರಬೇಕು. ಟ್ರಕ್ಕುಗಳ ಕಾಲ ಲೇಬರ್ ಡೇ ಹೊತ್ತಿಗೆ ಬಹುಪಾಲು ಮುಗಿಯುತ್ತದೆ, ನಿಯಮಗಳು ಮುಂದಿನ ಬೇಸಿಗೆಗೆಂದು ಚಳಿಗಾಲದಲ್ಲೇ ಬರೆಯಲ್ಪಡುತ್ತವೆ. ಆ ಸಭೆಗೆ ಹೊರಡುವ ಮುನ್ನ ಅಪ್ಪ ಅಮ್ಮಂದಿರಿಗೆ ಒಂದು ಫೋನ್ ಮಾಡಿ ಕೇಳಿ. ಅವರು "ನಮಗೇನಪ್ಪಾ, ನೀವು ಹೇಳಿದ ಹಾಗೆ" ಎಂದರೆ ಅಷ್ಟಕ್ಕೇ ಬಿಡದೆ, ಇನ್ನೊಮ್ಮೆ ಕೇಳಿ.