ದಶಕ ಎಲ್ಲಿ ಹೋಯ್ತು ಅಜ್ಜಯ್ಯ?

ನಮ್ಮ ಕಾಲದಲ್ಲಿ ಸಂಜೆ ಕೈಕಾಲು ತೊಳೆದು ದೇವರ ದೀಪದ ಮುಂದೆ ಕೂತರೆ ಮಗ್ಗಿ ಮುಗಿಯುವವರೆಗೆ ಊಟವಿಲ್ಲ. ಒಂದೊಂದ್ಲೆ ಒಂದರಿಂದ ಇಪ್ಪತ್ತರ ಮಗ್ಗಿವರೆಗೆ ರಾಗವಾಗಿ ಹೇಳಬೇಕು. ಆಮೇಲೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ. ನಡುವೆ ಆಕಳಿಕೆ ಬಂದು ರಾಗ ತಪ್ಪಿದರೆ ಲೆಕ್ಕವೂ ತಪ್ಪಿತು, ಮತ್ತೆ ಮೊದಲಿಂದ! ಈಗಲೂ ಯಾರಾದರೂ ಥಟ್ಟನೆ ‘ಹದಿಮೂರು ಏಳ್ಲೆ?’ ಎಂದರೆ ನಾನು ಹದಿಮೂರು ಒಂದ್ಲೆಯಿಂದ ಹತ್ತಿಕೊಂಡೇ ಬರಬೇಕು.

ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಖಂಡುಗಕ್ಕೆ 20 ಕೊಳಗ. ಇಷ್ಟೆಲ್ಲ ಬಾಯಿಗೆ ಬರುವ ಹೊತ್ತಿಗೆ, 1957ರ ಏಪ್ರಿಲ್ 1ರಂದು, ಇನ್ನು ಮೇಲೆ ರೂಪಾಯಿಗೆ 100 ನಯಾಪೈಸೆ ಅಂದಿತು ಸರ್ಕಾರ. ದಿನ ನೋಡಿ, ಮೂರ್ಖರ ದಿನ! ಒಂದಾಣೆಗೆ ಆರೂಕಾಲು ನಯಾಪೈಸೆ. ಕಾಲು ಪೈಸೆಯನ್ನು ಅಂಗಡಿಯವರು ಎಲ್ಲಿಂದ ತಂದಾರು? ಆರನ್ನೇ ಕೊಟ್ಟರು. ಸ್ವಲ್ಪ ವರ್ಷಕ್ಕೆ ಸೇರೂ ಹೋಗಿ ಕಿಲೋ ಬಂತು.

ನನ್ನ ಮೊಮ್ಮಗಳು ಪುಟ್ಟಿಗೆ ಈ ಕಷ್ಟವೇ ಇಲ್ಲ. ಮೂರನೇ ಕ್ಲಾಸಿನವರೆಗೆ ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿಯಂತೆ. ನೆಲದ ಮೇಲೆ ಗುಂಪಾಗಿ ಕೂತು ಕಾರ್ಡು, ಕಡ್ಡಿ, ಮಣಿ ಹಿಡಿದು ಆಡುತ್ತಾರೆ. ಈಗ ನಾಲ್ಕನೇ ಕ್ಲಾಸು. ಗುಣಾಕಾರ ಕೊಟ್ಟರೆ ಮೊದಲು ಮನೆ ಗೀಚುತ್ತಾಳೆ. ‘ಇದೇನೇ, ಲೆಕ್ಕವೋ ಕುಂಟಾಬಿಲ್ಲೆಯೋ?’ ಎಂದು ನಾನು ಛೇಡಿಸುತ್ತಿದ್ದೆ.

ಕಾಫಿ ಕುಯ್ಲಿನ ಒಂದು ಸಂಜೆ. ಬಾಳೂರಿನಲ್ಲಿ ಕರೆಂಟು ಹೋಗುವುದು ಸುದ್ದಿಯೇನಲ್ಲ, ಆದರೆ ಅವತ್ತು ಮೊಬೈಲೂ ಸತ್ತಿತ್ತು. ಹಣ್ಣು ಕುಯ್ದಿದ್ದ ಹಿರಿಯಾಕೆ ಜಗಲಿಯ ಹತ್ತಿರ ನಿಂತಿದ್ದರು. 68 ಕಿಲೋ, ಕಿಲೋಗೆ 6 ರೂಪಾಯಿ. ಪುಟ್ಟಿ ಕೇಳಲೆಂದೇ ನಾನು ಗಟ್ಟಿಯಾಗಿ ಹೇಳಿದೆ: ‘ಎಂಟಾರ್ಲೆ ನಲವತ್ತೆಂಟು, ಎಂಟು ಕೆಳಗೆ, ದಶಕ ನಾಲ್ಕು. ಆರಾರ್ಲೆ ಮೂವತ್ತಾರು. ಮುನ್ನೂರ ಅರವತ್ತೆಂಟು!’

ಹಣ ಎಣಿಸುವಷ್ಟರಲ್ಲಿ ಪುಟ್ಟಿ ಎರಡು ಮನೆ ಗೀಚಿದ್ದಳು. ಒಂದರಲ್ಲಿ ಅರವತ್ತಾರ್ಲೆ 360, ಇನ್ನೊಂದರಲ್ಲಿ ಎಂಟಾರ್ಲೆ 48.

‘ನಾನೂರ ಎಂಟು. ನಿಮ್ಮ ದಶಕ ಎಲ್ಲಿ ಹೋಯ್ತು ಅಜ್ಜಯ್ಯ?’

ನಾಲ್ಕನ್ನು ಕೂಡಿಸಲು ಮರೆತಿದ್ದೆ. ನಲವತ್ತು ರೂಪಾಯಿ! ಆ ದಶಕವೆಂದರೆ ನಾಲ್ಕಲ್ಲ, ನಾಲ್ಕು ಹತ್ತು ಎಂದು ನನಗೆ ಕಣ್ಣಿಗೆ ಕಟ್ಟಿದ್ದೂ ಅವತ್ತೇ.

ಹಿರಿಯಾಕೆ ಮೆಲ್ಲಗೆ ಹೇಳಿದರು: ‘ನಾನೂರರ ಮೇಲೆ ಬರ್ಬೇಕು ಅಂತ ನಂಗೂ ಅನ್ನಿಸ್ತಯ್ಯ. ನೀವು ಓದಿದೋರು ಅಂತ ಸುಮ್ನಾದೆ.’

ಅವರಿಗೆ ದುಡ್ಡು ಕೊಟ್ಟು ಕಳಿಸಿದ ಮೇಲೂ ಆ ಮಾತು ಕಿವಿಯಲ್ಲೇ ಇತ್ತು. ಊಟವಾದ ಮೇಲೆ ಲಾಟೀನು ಹಚ್ಚಿ, ಆ ಕುಯ್ಲಿನ ಲೆಕ್ಕದ ಪುಸ್ತಕವನ್ನು ಪುಟ್ಟಿಯ ಮುಂದಿಟ್ಟೆ. ನಾನು ಮಗ್ಗಿ ಹೇಳಿದೆ, ಅವಳು ಮನೆ ಗೀಚಿದಳು. ಇನ್ನೂ ಎರಡು ಕಡೆ ದಶಕ ಕಾಣೆಯಾಗಿತ್ತು. ಮರುದಿನ ಬೆಳಿಗ್ಗೆಯೇ ಕರೆದು ಕೊಟ್ಟೆ. ಒಂದು ಕಡೆ ನಾನೇ ನೂರು ರೂಪಾಯಿ ಹೆಚ್ಚು ಕೊಟ್ಟಿದ್ದೆ. ಅದನ್ನು ಅಜ್ಜಿಗೆ ಹೇಳದೇ ಇರಲು ಪುಟ್ಟಿ ದಿನಕ್ಕೆರಡು ಕಂಬರ್‌ಕಟ್ಟು ಕೇಳಿದ್ದಾಳೆ. ತಿಂಗಳಿಗೆ ಎಷ್ಟಾಯಿತು ಎಂದು ಮನೆ ಗೀಚಿ ಆಗಲೇ ತೋರಿಸಿಬಿಟ್ಟಳು.