ಗಂಜಾಮಿನ ದೊಡ್ಡ ಸ್ವಾಮಿಯವರ ಗುಡಿ

ಬೆಳ್ಳೂರಿನಿಂದ ದಕ್ಷಿಣಾಭಿಮುಖನಾಗಿ ಹೊರಟ ಯಾತ್ರಿಕನು, ನಾಗಮಂಗಲದಲ್ಲಿ ಸೌಮ್ಯಕೇಶವನ ದರ್ಶನವನ್ನು ಪಡೆದು, ಕಬ್ಬು ಬತ್ತಗಳ ಹಸುರಿನ ನಡುವೆ ಪಾಂಡವಪುರವನ್ನು ಹಾದು ಶ್ರೀರಂಗಪಟ್ಟಣವನ್ನು ಸೇರುವಷ್ಟರಲ್ಲಿ, ತನಗೆ ಅರಿವಿಲ್ಲದೆಯೇ ಫ್ರೆಂಚರ ಹೆಜ್ಜೆಯ ಗುರುತೊಂದನ್ನು ದಾಟಿ ಬಂದಿರುತ್ತಾನೆ. ಹಿರೋಡೆಯೆಂಬ ಪೂರ್ವನಾಮವುಳ್ಳ ಪಾಂಡವಪುರದ ಬಂಡೆಗಳ ಬಳಿ ಹೈದರ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದುದರಿಂದ, ಆ ಊರು ಬಹುಕಾಲ ಫ್ರೆಂಚ್ ರಾಕ್ಸ್ ಎನಿಸಿಕೊಂಡಿತ್ತು. ಸೈನಿಕರೂ ಹೋದರು, ಹೆಸರೂ ಅಳಿಯಿತು. ಅದೇ ದೇಶದಿಂದ ಬಂದ ಒಬ್ಬ ಪಾದ್ರಿಯ ಹೆಸರು ಮಾತ್ರ, ಕಾವೇರಿಯ ದ್ವೀಪದ ಗಂಜಾಮಿನಲ್ಲಿ, 1800ರ ಸುಮಾರಿಗೆ ಎದ್ದ ಒಂದು ಸಣ್ಣ ಗುಡಿಗೆ ಅಂಟಿಕೊಂಡು ಉಳಿದುಬಂದಿದೆ. ಅಬ್ಬೆ ದುಬ್ವಾ ಚರ್ಚು ಎಂದು ಕೇಳಿದರೆ ದಾರಿ ತೋರಿಸುವವರು ಸಿಗುತ್ತಾರೆ.

ಆದರೆ ಕೇಳುವವರೇ ವಿರಳ. ಶ್ರೀರಂಗನಾಥನ ಗೋಪುರ, ದರಿಯಾ ದೌಲತ್ತಿನ ಭಿತ್ತಿಚಿತ್ರಗಳು, ಗುಂಬಜ್, ಸಂಗಮ, ನಿಮಿಷಾಂಬೆಯ ಸನ್ನಿಧಿ, ಇವಿಷ್ಟನ್ನು ಒಂದೇ ಹಗಲಿನಲ್ಲಿ ಮುಗಿಸಬೇಕೆಂಬ ಅವಸರದ ಪ್ರವಾಸಿಗೆ, ವೈಭವವಿಲ್ಲದ ಒಂದು ಪ್ರಾರ್ಥನಾಲಯವು ಕಣ್ಣಿಗೆ ಬೀಳದಿರುವುದು ಸಹಜವೇ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವನಿಗಂತೂ ಇಲ್ಲಿ ನಿರಾಶೆಯೇ ಆದೀತು. ನನ್ನ ಮಟ್ಟಿಗೆ ಹೇಳುವುದಾದರೆ, ಹಳೆಯ ಮೈಸೂರು ಸೀಮೆಯ ಇಂತಹ ಚಿಕ್ಕ ಗುಡಿಗಳೇ ಆ ಭವ್ಯ ಸೌಧಕ್ಕಿಂತ ಹೆಚ್ಚು ಮಾತನಾಡುತ್ತವೆ. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಬರುವ ಹೆಂಗಸು ತಲೆಯ ಮೇಲೆ ಸೆರಗೆಳೆದುಕೊಂಡು, ತೀರ್ಥದಲ್ಲಿ ಬೆರಳದ್ದಿ ಹಣೆಯಿಂದ ಎದೆಗೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾಳೆ. ನೆಲದ ಮೇಲೆ ಮಂಡಿಯೂರಿ, ಕೈಯ ಜಪಸರದ ಮಣಿಗಳನ್ನು ಒಂದೊಂದಾಗಿ ಸರಿಸುತ್ತ, ಮಾತೆ ಮರಿಯಮ್ಮನವರ ಮುಂದೆ ಮೊಂಬತ್ತಿ ಹಚ್ಚಿ, ಪಕ್ಕದ ಹೊಲದವಳು ಆಡುವ ಕನ್ನಡದಲ್ಲಿಯೇ ತನ್ನ ಅಹವಾಲನ್ನು ಹೇಳಿಕೊಳ್ಳುತ್ತಾಳೆ. ಪೂಜೆ ಮಾಡಿಸುವವರು ಆಕೆಗೆ 'ಸ್ವಾಮಿಗಳು'. ಈ ಮತವು ಹೊರಗಿನಿಂದ ಬಂದುದೆಂಬುದು ನಿಜ. ಆದರೆ ಬಂದು ಎಷ್ಟು ಕಾಲವಾಯಿತೆಂಬುದನ್ನು ಮರೆಯುವವರೇ ಅಧಿಕ. 1648ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಇದೇ ಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಅದಕ್ಕೆ ವ್ಯಾಕರಣವನ್ನೂ ಬರೆದನು.

ದುಬ್ವಾ ಬಂದ ಕಾಲವು ಅತ್ಯಂತ ವಿಷಮವಾದುದು. ಟಿಪ್ಪುವಿನ ಆಳ್ವಿಕೆಯಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದ ಸಾವಿರಾರು ಕ್ರೈಸ್ತರು ಪಟ್ಟಣದಲ್ಲಿದ್ದರು. ಮತಾಂತರಕ್ಕೆ ಒಳಗಾದವರೂ ಅವರಲ್ಲಿ ಅನೇಕರು. 1799ರಲ್ಲಿ ಪಟ್ಟಣವು ಬಿದ್ದ ಬಳಿಕ ಚೆದರಿದ ಈ ಜನವನ್ನು ಮರಳಿ ಒಂದುಗೂಡಿಸುವುದಕ್ಕಾಗಿ, ಆಗ ಇಲ್ಲಿ ಅಧಿಕಾರದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ದುಬ್ವಾ ಅವರನ್ನು ಕರೆಸಿಕೊಂಡನು. ಫ್ರಾನ್ಸಿನ ಆರ್ದೆಶ್ ಸೀಮೆಯಲ್ಲಿ ಹುಟ್ಟಿ, ಮಹಾಕ್ರಾಂತಿಯ ದಿನಗಳಲ್ಲಿ, 1792ರಲ್ಲಿ ದೀಕ್ಷೆ ಹೊಂದಿ, ಆ ವರ್ಷವೇ ಸ್ವದೇಶವನ್ನು ಬಿಟ್ಟ ಈ ಪಾದ್ರಿಯು ನಮ್ಮವರಂತೆಯೇ ಉಡುಪು ಧರಿಸಿ, ನಮ್ಮವರಂತೆಯೇ ಉಂಡು, ಹಳ್ಳಿ ಹಳ್ಳಿ ತಿರುಗಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಚಿತ್ರಕಾರ ಥಾಮಸ್ ಹಿಕಿ ಬರೆದ ಅವರ ಭಾವಚಿತ್ರವೂ ಈ ದೇಶೀ ವೇಷದ್ದೇ.

ಅವರು ಮಾಡಿದುದರಲ್ಲಿ ನಾನು ಎಲ್ಲಕ್ಕಿಂತ ಮಿಗಿಲೆಂದು ಎಣಿಸುವುದು ಮತಕಾರ್ಯವನ್ನಲ್ಲ, ಸಿಡುಬಿನ ವಿರುದ್ಧ ಅವರು ನಡೆಸಿದ ಹೋರಾಟವನ್ನು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ದನದ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಪ್ರಕಟಿಸಿದ್ದು 1798ರಲ್ಲಿ. ಅದು ಮುಂಬಯಿಗೆ ತಲಪಿದ್ದು 1802ರಲ್ಲಿ. ಶೀತಲಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಲಸಿಕೆಯನ್ನು ಜೀವಂತವಾಗಿಡಲು ಇದ್ದ ನಚ್ಚಿನ ಮಾರ್ಗವೆಂದರೆ ಮನುಷ್ಯದೇಹವೇ: ಒಂದು ಮಗುವಿನ ತೋಳಿಗೆ ದಾಕು ಹಾಕಿ, ಒಂದು ವಾರ ಕಳೆದು ಅಲ್ಲಿ ಬೊಕ್ಕೆಯೆದ್ದಾಗ ಅದರ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ, ಅಲ್ಲಿಂದ ಇನ್ನೊಂದಕ್ಕೆ. ಸರಪಣಿಯ ಒಂದು ಕೊಂಡಿ ಕಳಚಿದರೂ ಕೆಲಸವೆಲ್ಲ ಕೆಟ್ಟಿತು. ಸಿಡುಬು ಬಂದ ಮನೆಯಲ್ಲಿ ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಕಟ್ಟುವ ನಾಡಿನಲ್ಲಿ, ಯಾರದೋ ಮಗುವಿನ ಬೊಕ್ಕೆಯ ರಸವನ್ನು ತನ್ನ ಮಗುವಿನ ರಕ್ತಕ್ಕೆ ಸೇರಿಸಲು ತಾಯಿಯೊಬ್ಬಳನ್ನು ಒಪ್ಪಿಸುವುದು ಎಂತಹ ಕಷ್ಟವೆಂಬುದನ್ನು ಊಹಿಸಿಕೊಳ್ಳಬಹುದು. 1803–04ರಲ್ಲಿ ದುಬ್ವಾ ಅವರ ಪ್ರಯತ್ನದಿಂದ ದಾಕು ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲೆಯಾಗಿದೆ. ಒಬ್ಬ ಪಾದ್ರಿಗೆ ಇದು ಅಲ್ಪಸಾಧನೆಯಲ್ಲ.

ಪುಸ್ತಕದ ವಿಚಾರವನ್ನು ಹೇಳದೆ ಇರುವಂತಿಲ್ಲ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ಅವರು ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 1807ರಲ್ಲಿ ಎರಡು ಸಾವಿರ ಸ್ಟಾರ್ ಪಗೋಡಗಳಿಗೆ ಕೊಂಡುಕೊಂಡಿತು. ಇಂಗ್ಲಿಷಿನಲ್ಲಿ ಅದು 1816ರಲ್ಲಿ ಅಚ್ಚಾಯಿತು. ಅದರ ಬಹುಭಾಗವು ಕೂರ್ದು ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹದಿಂದ ಎತ್ತಿಕೊಂಡದ್ದೆಂದು 1987ರಲ್ಲಿ ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿ ತೋರಿಸಿಕೊಟ್ಟರು. ನಮ್ಮ ಜನರನ್ನು ಕುರಿತ ಅನೇಕ ತೀರ್ಪುಗಳೂ ಅದರಲ್ಲಿ ಕಟುವಾಗಿವೆ, ಕೆಲವು ಅನ್ಯಾಯವಾಗಿಯೂ ಇವೆ. ಇದಕ್ಕಿಂತ ವಿಚಿತ್ರವಾದುದು ಮತ್ತೊಂದು: ಮೂವತ್ತು ವರ್ಷ ದುಡಿದು 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ಆ ವರ್ಷವೇ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದು ನಿಸ್ಸಂಕೋಚವಾಗಿ ಬರೆದರು. ತಮ್ಮ ಜೀವಿತದ ಉದ್ದೇಶವೇ ವಿಫಲವಾಯಿತೆಂದು ಇಷ್ಟು ನೇರವಾಗಿ ಒಪ್ಪಿದ ಪಾದ್ರಿಗಳು ಬಹಳ ಮಂದಿಯಿಲ್ಲ. ಗ್ರಂಥಕರ್ತೃವಾಗಿ ಅವರ ಕೀರ್ತಿ ಇಳಿದಿದ್ದರೆ ಇಳಿಯಲಿ. ದಾಕು ಹಾಕಿಸಿದವರ ಕೀರ್ತಿಯನ್ನು ಯಾವ ಪಂಡಿತರೂ ಕಸಿಯಲಾರರು. 1848ರಲ್ಲಿ ಕಾಲವಾಗುವವರೆಗೆ ಅವರು ಮತ್ತೆ ಕಾವೇರಿಯನ್ನು ನೋಡಲಿಲ್ಲ.

ಗುಂಬಜಿಗೆಂದು ಗಂಜಾಮಿಗೆ ಹೋಗುವ ವಾಚಕರು ಅರ್ಧ ಗಂಟೆಯನ್ನು ಈ ಗುಡಿಗೂ ಮೀಸಲಿಡಬೇಕೆಂದು ನನ್ನ ಕೋರಿಕೆ. ಪೂಜೆಯ ಹೊತ್ತಾಗಿದ್ದರೆ ಹಿಂದುಗಡೆ ಸುಮ್ಮನೆ ನಿಲ್ಲಿ. ಚಿತ್ರ ತೆಗೆಯುವ ಮುನ್ನ ಅಲ್ಲಿಯವರನ್ನು ಒಂದು ಮಾತು ಕೇಳಿ. ಬಾಗಿಲು ಹಾಕಿದ್ದರೆ ಬೇಸರಪಡದೆ ನೆರೆಯವರನ್ನು ವಿಚಾರಿಸಿ. ಜೊತೆಯಲ್ಲಿ ಮಕ್ಕಳಿದ್ದರೆ ಸಿಡುಬಿನ ಕಥೆಯನ್ನು ಅಲ್ಲಿಯೇ ಹೇಳಿ.